ಮಗಳು ಕೆನಡಾದಲ್ಲಿ ಓದುತ್ತಿದ್ದಾಳೆ, ನಮಗೆ ಪಿಆರ್ (ಕಾಯಂ ವಾಸದ ಹಕ್ಕು) ಸಿಗುತ್ತಾ?

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು, ವಯಸ್ಸು 61. ಹೆಂಡತಿಗೆ 57. ಊರು ದಾವಣಗೆರೆ. ಮಗಳು ಕೆನಡಾದ ವಾಟರ್ಲೂ ಯೂನಿವರ್ಸಿಟಿಯಲ್ಲಿ ಮಾಸ್ಟರ್ಸ್ ಎರಡನೇ ವರ್ಷದಲ್ಲಿದ್ದಾಳೆ. ಮಗನಿಗೆ 20, ಇಲ್ಲೇ ಬಿಇ ಓದುತ್ತಿದ್ದಾನೆ. ಇಲ್ಲೊಬ್ಬ ಏಜೆಂಟ್ ‘ಸ್ಟೂಡೆಂಟ್ ಪೇರೆಂಟ್ ಪಿಆರ್’ ಅಂತ ಒಂದು ಪ್ಯಾಕೇಜ್ ಹೇಳುತ್ತಿದ್ದಾರೆ. ಒಬ್ಬರಿಗೆ ನಾಲ್ಕು ಲಕ್ಷ. ಮೊದಲು ವಿಸಿಟರ್ ವೀಸಾದಲ್ಲಿ ಹೋಗಬೇಕು, ಅಲ್ಲಿಗೆ ಹೋದ ಮೇಲೆ ಪಿಆರ್‌ಗೆ ಕನ್ವರ್ಟ್ ಮಾಡಿಸುತ್ತಾರಂತೆ. ಇದು ನಿಜವೇ? ಇಲ್ಲಿನ ಮನೆ ಮಾರಿ ಮಗಳ ಹೆಸರಿನಲ್ಲಿ ಅಲ್ಲೊಂದು ಮನೆ ತೆಗೆದರೆ ಬೇಗ ಆಗುತ್ತದೆಯೇ? ನಮ್ಮ ಷಡ್ಡಕರ ಮಗ ಮೆಲ್ಬರ್ನ್‌ನಲ್ಲಿದ್ದಾನೆ. ಅಲ್ಲಿ ದುಡ್ಡು ಕಟ್ಟಿದರೆ ಅಪ್ಪ ಅಮ್ಮನಿಗೆ ಪಿಆರ್ ಕೊಡುತ್ತಾರೆ ಅಂತಾರೆ. ದಾರಿ ತೋರಿಸಿ.

ಉತ್ತರ: ಮೇಷ್ಟ್ರೇ, ಆ ಏಜೆಂಟ್‌ಗೆ ಇನ್ನೂ ದುಡ್ಡು ಕೊಟ್ಟಿಲ್ಲ ಅಂದರೆ ಕೊಡಬೇಡಿ. ಅಡ್ವಾನ್ಸ್ ಕೊಟ್ಟಿದ್ದರೆ ರಸೀದಿ, ವಾಟ್ಸಾಪ್ ಮೆಸೇಜು ಎಲ್ಲವನ್ನೂ ಜೋಪಾನವಾಗಿ ಇಟ್ಟುಕೊಳ್ಳಿ. ಕೆನಡಾದಲ್ಲಿ ‘ಸ್ಟೂಡೆಂಟ್ ಪೇರೆಂಟ್ ಪಿಆರ್’ ಅನ್ನುವ ವೀಸಾ ಇಲ್ಲ. ಮಗಳು ಸ್ಟಡಿ ಪರ್ಮಿಟ್‌ನಲ್ಲಿ ಇರುವಷ್ಟು ದಿನ ಅವಳೂ ಅಲ್ಲಿ ತಾತ್ಕಾಲಿಕವಾಗಿ ಇರುವವಳೇ. ತಾನೇ ತಾತ್ಕಾಲಿಕವಾಗಿ ಇರುವವರು ಇನ್ನೊಬ್ಬರನ್ನು ಕಾಯಂ ಆಗಿ ಕರೆಸಿಕೊಳ್ಳಲು ಆಗುವುದಿಲ್ಲ. ಅಪ್ಪ ಅಮ್ಮನಿಗೆ ಸ್ಪಾನ್ಸರ್ ಆಗಬೇಕಾದರೆ ಮಗಳು ಕೆನಡಾದ ಪಿಆರ್ ಆಗಿರಬೇಕು, ಇಲ್ಲವೇ ಪ್ರಜೆಯಾಗಿರಬೇಕು.

ವಿಸಿಟರ್ ವೀಸಾವನ್ನು ಅಲ್ಲಿಗೆ ಹೋಗಿ ಪಿಆರ್‌ಗೆ ಬದಲಾಯಿಸುವ ಕೌಂಟರ್ ಯಾವುದೂ ಇಲ್ಲ. ಹಾಗಾದರೆ ಏಜೆಂಟ್ ಹೇಳುವ ‘ಕನ್ವರ್ಟ್’ ಅಂದರೆ ಏನು? ನಾನು ಕಂಡ ಫೈಲುಗಳಲ್ಲಿ ಅದಕ್ಕೆ ಎರಡೇ ಅರ್ಥ. ಒಂದು, ದುಡ್ಡು ತೆಗೆದುಕೊಂಡು ವಿಸಿಟರ್ ವೀಸಾ ಮಾಡಿಸಿ ಆಮೇಲೆ ಫೋನ್ ಎತ್ತದೇ ಇರುವುದು. ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಊರಿನಲ್ಲಿ ನಮಗೆ ಜೀವಭಯ ಇದೆ ಅಂತ ಸುಳ್ಳು ಕಥೆ ಬರೆದು ಆಶ್ರಯಕ್ಕೆ ಅರ್ಜಿ ಹಾಕಿಸುವುದು. ಹೀಗೆ ಸಿಕ್ಕಿಕೊಂಡ ಒಬ್ಬ ನಿವೃತ್ತ ದಂಪತಿ ನನ್ನ ಹತ್ತಿರ ಬಂದಿದ್ದರು. ಅವರ ಅರ್ಜಿಯಲ್ಲಿ ಏನು ಬರೆದಿದೆ ಅಂತ ಅವರಿಗೇ ಗೊತ್ತಿರಲಿಲ್ಲ. ನಾನು ಓದಿ ಕನ್ನಡದಲ್ಲಿ ಹೇಳಿದಾಗ ಆ ತಾಯಿ ಸೆರಗು ಬಾಯಿಗೆ ಇಟ್ಟುಕೊಂಡು ಅತ್ತುಬಿಟ್ಟರು. ಸುಳ್ಳು ಮಾಹಿತಿ ಕೊಟ್ಟಿದ್ದೀರಿ ಅಂತ ಸಾಬೀತಾದರೆ ಐದು ವರ್ಷ ಆ ದೇಶಕ್ಕೆ ಕಾಲಿಡುವ ಹಾಗಿಲ್ಲ. ಮಗಳ ಮದುವೆ ಇರಲಿ, ಬಾಣಂತನ ಇರಲಿ, ಹೋಗಲು ಆಗುವುದಿಲ್ಲ.

ಕೆನಡಾದ ವಲಸೆ ಕಾಯ್ದೆಯ 91ನೇ ಸೆಕ್ಷನ್ ಪ್ರಕಾರ ಫೀಸು ತೆಗೆದುಕೊಂಡು ವಲಸೆ ಸಲಹೆ ಕೊಡಲು ಎಲ್ಲರಿಗೂ ಹಕ್ಕಿಲ್ಲ. ಅಲ್ಲಿನ ವಕೀಲರು, ಕ್ವಿಬೆಕ್ ಪ್ರಾಂತ್ಯದ ನೋಟರಿಗಳು, ಲೈಸೆನ್ಸ್ ಇರುವ ವಲಸೆ ಸಲಹೆಗಾರರು, ಇಂಥವರು ಮಾತ್ರ ಕೊಡಬಹುದು. ಸಲಹೆಗಾರರಿಗೆ ಆರ್‌ಸಿಐಸಿ ಅಂತಾರೆ. ಅವರ ಹೆಸರು, ಲೈಸೆನ್ಸ್ ನಂಬರು ಅವರಿಗೆ ಲೈಸೆನ್ಸ್ ಕೊಡುವ ಸಂಸ್ಥೆಯ (ಅದಕ್ಕೆ ‘ಕಾಲೇಜ್’ ಅಂತಲೇ ಹೆಸರು) ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ನಿಮ್ಮ ಏಜೆಂಟನ್ನು ‘ನಿಮ್ಮ ಆರ್‌ಸಿಐಸಿ ನಂಬರ್ ಎಷ್ಟು?’ ಅಂತ ಒಂದೇ ಒಂದು ಪ್ರಶ್ನೆ ಕೇಳಿ ನೋಡಿ. ‘ನಮ್ಮ ಟೊರಾಂಟೊ ಆಫೀಸಿನಲ್ಲಿ ಇದ್ದಾರೆ’ ಅಂದರೆ ಆ ಟೊರಾಂಟೊದವರ ಜೊತೆಯೇ ವಿಡಿಯೊ ಕಾಲ್ ಕೇಳಿ.

ಈಗ ನಿಜವಾದ ದಾರಿಗೆ ಬರೋಣ. ಅದು ಶುರುವಾಗುವುದು ನಿಮ್ಮಿಂದಲ್ಲ, ಮಗಳಿಂದ.

ಮಾಸ್ಟರ್ಸ್ ಮುಗಿಸಿದವರಿಗೆ ಮೂರು ವರ್ಷದ ವರ್ಕ್ ಪರ್ಮಿಟ್ ಸಿಗುತ್ತದೆ. ಪಾಸ್‌ಪೋರ್ಟ್ ಅದಕ್ಕಿಂತ ಮುಂಚೆ ಮುಗಿಯುವಂತಿದ್ದರೆ ಪರ್ಮಿಟ್ಟೂ ಅಲ್ಲಿಗೇ ನಿಲ್ಲುತ್ತದೆ, ಆದ್ದರಿಂದ ಅವಳ ಪಾಸ್‌ಪೋರ್ಟ್ ತಾರೀಖು ಒಮ್ಮೆ ನೋಡಲು ಹೇಳಿ. 2024ರ ನವೆಂಬರ್ 1ರಿಂದ ಈ ಪರ್ಮಿಟ್‌ಗೂ ಭಾಷಾ ಪರೀಕ್ಷೆಯ ಫಲಿತಾಂಶ ಕೊಡಬೇಕು. ಆಮೇಲೆ ಒಂದು ವರ್ಷ ಕುಶಲ ದರ್ಜೆಯ ಕೆಲಸ ಮಾಡಿದರೆ, ಅಂಕ ನೋಡಿ ಪಿಆರ್ ಅರ್ಜಿಗೆ ಆಹ್ವಾನಿಸುವ ಎಕ್ಸ್‌ಪ್ರೆಸ್ ಎಂಟ್ರಿಯ ‘ಕೆನಡಿಯನ್ ಎಕ್ಸ್‌ಪೀರಿಯನ್ಸ್ ಕ್ಲಾಸ್’ಗೆ ಅರ್ಹಳಾಗುತ್ತಾಳೆ. ಓದುವಾಗ ಮಾಡಿದ ಪಾರ್ಟ್ ಟೈಮ್ ಕೆಲಸ ಈ ಒಂದು ವರ್ಷದ ಲೆಕ್ಕಕ್ಕೆ ಬರುವುದಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಮಕ್ಕಳು ತಪ್ಪು ಲೆಕ್ಕ ಹಾಕಿಕೊಂಡು ಕೂತಿರುತ್ತಾರೆ.

ಅರ್ಹತೆ ಬೇರೆ, ಆಹ್ವಾನ ಬೇರೆ. ಅಂಕಗಳ ಪೈಪೋಟಿ ಜೋರಾಗಿದೆ. 2025ರಲ್ಲಿ ಈ ಕ್ಲಾಸಿನ ಕಟ್ ಆಫ್ 500ರ ಮೇಲೇ ಇತ್ತು. ಕಂಪನಿಯ ಜಾಬ್ ಆಫರ್‌ಗೆ ಮೊದಲು ಸಿಗುತ್ತಿದ್ದ ಹೆಚ್ಚುವರಿ ಅಂಕಗಳನ್ನೂ ಆ ವರ್ಷದ ಮಾರ್ಚ್‌ನಲ್ಲಿ ತೆಗೆದುಹಾಕಿದರು. ಆದರೆ ಅದೇ ಮಾರ್ಚ್‌ನಲ್ಲಿ ಫ್ರೆಂಚ್ ಬರುವವರಿಗಾಗಿ ನಡೆದ ಒಂದು ಸುತ್ತಿನಲ್ಲಿ ಕಟ್ ಆಫ್ 379ಕ್ಕೆ ಇಳಿದಿತ್ತು. ವ್ಯತ್ಯಾಸ ನೋಡಿ! ಅದಕ್ಕೇ ಮಕ್ಕಳಿಗೆ ನಾನು ಮೊದಲು ಹೇಳುವುದು, ಓದುವಾಗಲೇ ಫ್ರೆಂಚ್ ಕಲಿಯಿರಿ ಅಂತ. ಸುಮ್ನೆ ಹಲೋ ಅನ್ನುವಷ್ಟಲ್ಲ, ಓದು, ಬರಹ, ಮಾತು, ಕೇಳುವಿಕೆ ನಾಲ್ಕರಲ್ಲೂ ಕೆನಡಾದ ಭಾಷಾ ಅಳತೆಯ ಏಳನೇ ಮಟ್ಟ ಮುಟ್ಟಬೇಕು. ಕಷ್ಟದ ಕೆಲಸ, ಒಂದೂವರೆ ಎರಡು ವರ್ಷ ಬೇಕಾಗಬಹುದು. ಏಜೆಂಟ್‌ಗೆ ಕೊಡಬೇಕೆಂದಿರುವ ಎಂಟು ಲಕ್ಷದಲ್ಲಿ ಒಂದು ಪಾಲನ್ನು ಮಗಳ ಫ್ರೆಂಚ್ ಕ್ಲಾಸಿಗೆ ಕೊಟ್ಟರೆ ನೀವು ಮೂವರೂ ಒಂದೇ ಕಡೆ ಇರುವ ದಿನ ಹತ್ತಿರ ಬರುತ್ತದೆ. ಇದು ನನ್ನ ಗಟ್ಟಿ ಅಭಿಪ್ರಾಯ.

ಮಗಳಿಗೆ ಪಿಆರ್ ಬಂತು ಅಂತಿಟ್ಟುಕೊಳ್ಳಿ. ಆಗ ಎರಡು ಬಾಗಿಲು ಕಾಣುತ್ತವೆ. ಒಂದು ನಿಮಗೆ ಪಿಆರ್ ಕೊಡುವ ‘ಪೇರೆಂಟ್ಸ್ ಅಂಡ್ ಗ್ರ್ಯಾಂಡ್‌ಪೇರೆಂಟ್ಸ್’ ಯೋಜನೆ. ಎಲ್ಲರೂ ಪಿಜಿಪಿ ಅಂತಾರೆ. ಇನ್ನೊಂದು, ಪಿಆರ್ ಇಲ್ಲದೆಯೇ ವರ್ಷಗಟ್ಟಲೆ ಮಗಳ ಜೊತೆ ಇರಲು ಬಿಡುವ ಸೂಪರ್ ವೀಸಾ.

ಪಿಜಿಪಿಯ ಸ್ಥಿತಿ ಹೇಗಿದೆ ಅಂತ ಮುಚ್ಚಿಡದೆ ಹೇಳುತ್ತೇನೆ. ಮಕ್ಕಳು ಮೊದಲು ‘ಆಸಕ್ತಿ ಇದೆ’ ಅನ್ನುವ ಫಾರಂ ತುಂಬಬೇಕು. ಅದರಲ್ಲಿ ಲಾಟರಿ ಎತ್ತಿ ಕೆಲವರನ್ನು ಅರ್ಜಿ ಹಾಕಲು ಕರೆಯುತ್ತಾರೆ. ಆ ಫಾರಂ ತೆರೆದದ್ದು 2020ರ ಅಕ್ಟೋಬರ್ 13ರಿಂದ ನವೆಂಬರ್ 3ರವರೆಗೆ. 2021ರಿಂದ 2025ರವರೆಗೆ ಪ್ರತಿ ವರ್ಷ ಅದೇ ಹಳೇ ಪಟ್ಟಿಯಿಂದಲೇ ಎತ್ತಿದರು. 2025ರ ಜುಲೈನಲ್ಲಿ 17,860 ಜನರಿಗೆ ಆಹ್ವಾನ ಹೋಯಿತು, ಅದರಿಂದ ತೆಗೆದುಕೊಳ್ಳಬೇಕೆಂದಿದ್ದದ್ದು 10,000 ಅರ್ಜಿ. 2020ರ ನಂತರ ಪಿಆರ್ ಆದ ಮಕ್ಕಳಿಗೆ ಆ ಐದು ವರ್ಷವೂ ಹೆಸರು ಬರೆಸುವ ಅವಕಾಶವೇ ಸಿಗಲಿಲ್ಲ. ನಿಮ್ಮ ಮಗಳು ಇನ್ನೂ ಆ ಸಾಲಿನ ಹಿಂದೆ ಇದ್ದಾಳೆ.

ಸಾಲು ಸಿಕ್ಕಿತು ಅಂದರೂ ಆದಾಯದ ಲೆಕ್ಕ ಇದೆ. ಅರ್ಜಿಗೆ ಹಿಂದಿನ ಮೂರು ವರ್ಷವೂ ಮಗಳ ಆದಾಯ ಒಂದು ಮಟ್ಟದ ಮೇಲೆ ಇರಬೇಕು. ಮಗಳು, ನೀವು, ನಿಮ್ಮ ಹೆಂಡತಿ ಸೇರಿ ಮೂರು ಜನ. ಮೂರು ಜನರ ಕುಟುಂಬಕ್ಕೆ 2024ರ ಆದಾಯ ವರ್ಷದಲ್ಲಿ ಅದು 58,456 ಕೆನಡಾ ಡಾಲರ್. ಅವಳಿಗೆ ಮದುವೆಯಾದರೆ ನಾಲ್ಕು ಜನ, 70,972 ಡಾಲರ್. ಗಂಡನ ಸಂಬಳವನ್ನೂ ಸೇರಿಸಬಹುದು, ಆದರೆ ಅವನೂ ಸಹಿ ಹಾಕಬೇಕು. ಅಲ್ಲಿನ ತೆರಿಗೆ ಇಲಾಖೆ ಕೊಡುವ ನೋಟಿಸಿನಲ್ಲಿ ಏನು ಅಂಕಿ ಇದೆಯೋ ಅದೇ ಆದಾಯ. ನೀವು ಊರಿಂದ ಕಳಿಸಿದ ದುಡ್ಡು ಆದಾಯ ಅಲ್ಲ. ಮನೆ ಇದೆ, ಎಫ್‌ಡಿ ಇದೆ ಅಂದರೂ ಅದು ಆದಾಯ ಅಲ್ಲ.

ಇನ್ನೊಂದು ವಿಷಯದ ಬಗ್ಗೆ ಅಪ್ಪ ಅಮ್ಮ ಯಾರೂ ಕೇಳುವುದೇ ಇಲ್ಲ, ನಾನೇ ಹೇಳಬೇಕು. ಸ್ಪಾನ್ಸರ್ ಆಗುವ ಮಗಳು 20 ವರ್ಷದ ಮುಚ್ಚಳಿಕೆ ಬರೆದುಕೊಡುತ್ತಾಳೆ. ಕ್ವಿಬೆಕ್‌ನಲ್ಲಾದರೆ 10 ವರ್ಷ. ಆ 20 ವರ್ಷದಲ್ಲಿ ನೀವು ಸರ್ಕಾರದಿಂದ ಬಡವರ ನೆರವಿನ ಹಣ ತೆಗೆದುಕೊಂಡರೆ ಅದನ್ನು ಮಗಳು ತುಂಬಿಕೊಡಬೇಕು. ಅವಳ ಕೆಲಸ ಹೋಗಲಿ, ಸಂಸಾರದಲ್ಲಿ ತೊಂದರೆ ಬರಲಿ, ಮುಚ್ಚಳಿಕೆ ಮುಚ್ಚಳಿಕೆಯೇ. ಇಪ್ಪತ್ತೆಂಟು ಮೂವತ್ತು ವರ್ಷದ ಹುಡುಗಿ ಸಹಿ ಹಾಕುವ ಮುಂಚೆ ಮನೆಯವರೆಲ್ಲ ಕೂತು ಇದರ ಬಗ್ಗೆ ಮಾತಾಡಬೇಕು ಅಲ್ವಾ? ಆರೋಗ್ಯದ ತಪಾಸಣೆಯೂ ಇದೆ. ಸಾಮಾನ್ಯ ಬಿಪಿ, ಶುಗರ್ ಇದ್ದರೆ ಗಾಬರಿ ಬೇಡ. ಆದರೆ ಚಿಕಿತ್ಸೆಗೆ ವರ್ಷಕ್ಕೆ, 2025ರ ಲೆಕ್ಕದಲ್ಲಿ, ಸುಮಾರು 27 ಸಾವಿರ ಡಾಲರ್‌ಗಿಂತ ಜಾಸ್ತಿ ಸರ್ಕಾರದ ಖರ್ಚು ಬರುತ್ತದೆ ಅಂತ ಅನಿಸಿದರೆ ನಿರಾಕರಿಸಬಹುದು. ಡಯಾಲಿಸಿಸ್ ಇರುವವರಿಗೆ ಇದೇ ತೊಡಕು.

ಅದಕ್ಕೇ ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತೇನೆ. ನಿಮಗೆ ಬೇಕಾಗಿರುವುದು ಪಿಆರ್ ಕಾರ್ಡೋ, ಮಗಳ ಜೊತೆ ಇರುವುದೋ? ಎರಡೂ ಒಂದೇ ಅಂತ ನಾವು ಅಂದುಕೊಂಡಿದ್ದೇವೆ. ಕಾನೂನಿನಲ್ಲಿ ಇವು ಬೇರೆ ಬೇರೆ. ಜೊತೆಗಿರುವುದಕ್ಕೆ ಸೂಪರ್ ವೀಸಾ ಸಾಕು.

ಸೂಪರ್ ವೀಸಾಕ್ಕೆ ಲಾಟರಿ ಇಲ್ಲ. ವರ್ಷಪೂರ್ತಿ ಅರ್ಜಿ ಹಾಕಬಹುದು. ಒಮ್ಮೆ ಒಳಗೆ ಹೋದರೆ ಐದು ವರ್ಷದವರೆಗೆ ಇರಬಹುದು. 2022ರ ಜುಲೈಗೆ ಮುಂಚೆ ಇದು ಎರಡೇ ವರ್ಷ ಇತ್ತು. ವೀಸಾ ಹತ್ತು ವರ್ಷದವರೆಗೆ ಸಿಗಬಹುದು, ಎಷ್ಟು ಸಲ ಬೇಕಾದರೂ ಹೋಗಿ ಬರಬಹುದು. ಆದರೆ ಪಾಸ್‌ಪೋರ್ಟ್ ಮುಗಿಯುವ ದಿನದ ಆಚೆಗೆ ಕೊಡುವುದಿಲ್ಲ. ನಿಮ್ಮ ಪಾಸ್‌ಪೋರ್ಟ್ ಹಳೆಯದಾಗಿದ್ದರೆ ಹೊಸದು ಮಾಡಿಸಿಕೊಂಡೇ ಅರ್ಜಿ ಹಾಕಿ. ಆದಾಯದ ಮಟ್ಟವೂ ಕಡಿಮೆ. ಮೂರು ಜನಕ್ಕೆ 2025ರ ಪಟ್ಟಿಯಲ್ಲಿ 46,720 ಡಾಲರ್. ವಾಟರ್ಲೂನಲ್ಲಿ ಮಾಸ್ಟರ್ಸ್ ಮಾಡಿ ಕೆಲಸಕ್ಕೆ ಸೇರಿದವರಿಗೆ ಇದು ದೊಡ್ಡ ಮೊತ್ತವಲ್ಲ. ಮಗಳ ಆಮಂತ್ರಣ ಪತ್ರ, ಮೆಡಿಕಲ್ ತಪಾಸಣೆ, ಬೆಂಗಳೂರಿನಲ್ಲಿ ಬೆರಳಚ್ಚು, ಇಷ್ಟು ಕೆಲಸ. ಅಲ್ಲಿ ಕೆಲಸ ಮಾಡುವ ಹಾಗಿಲ್ಲ, ವಾಟರ್ಲೂ ಇರುವ ಒಂಟಾರಿಯೊ ಪ್ರಾಂತ್ಯದ ಸರ್ಕಾರಿ ಆರೋಗ್ಯ ಕಾರ್ಡೂ ಸಿಗುವುದಿಲ್ಲ.

ಅದಕ್ಕೇ ಇನ್ಶೂರೆನ್ಸ್ ಕಡ್ಡಾಯ. ಕನಿಷ್ಠ ಒಂದು ಲಕ್ಷ ಡಾಲರ್ ರಕ್ಷಣೆ, ಒಳಗೆ ಹೋದ ದಿನದಿಂದ ಕನಿಷ್ಠ ಒಂದು ವರ್ಷ. ಕಂತಿನಲ್ಲಿ ಕಟ್ಟಬಹುದು, ಬರೀ ಕೊಟೇಶನ್ ತೋರಿಸಿದರೆ ಆಗುವುದಿಲ್ಲ. ಕೆನಡಾದ ಕಂಪನಿಯದೇ ಆಗಬೇಕು ಅಂತ ಮೊದಲು ಇತ್ತು. 2025ರ ಜನವರಿಯಿಂದ ಅಲ್ಲಿನ ಹಣಕಾಸು ನಿಯಂತ್ರಕರು ಒಪ್ಪಿದ ಹೊರಗಿನ ಕಂಪನಿಗಳದ್ದೂ ನಡೆಯುತ್ತದೆ. ನಮ್ಮೂರಿನ ಟ್ರಾವೆಲ್ ಏಜೆನ್ಸಿಯವರು ಟಿಕೆಟ್ ಜೊತೆ ಕೊಡುವ ಪಾಲಿಸಿಯನ್ನು ಇದಕ್ಕೆ ನಂಬಿ ಕೂರಬೇಡಿ.

ಇಲ್ಲಿ ಒಂದು ಘಟನೆ ಹೇಳಲೇಬೇಕು. ಹಾಸನದ ಕಡೆಯ ಒಬ್ಬ ತಾಯಿ ಮಗನ ಮನೆಗೆ ಸೂಪರ್ ವೀಸಾದಲ್ಲಿ ಹೊರಟಿದ್ದರು. ಹೊರಡುವ ಎರಡು ತಿಂಗಳ ಮುಂಚೆ ಊರಿನ ಡಾಕ್ಟರು ಬಿಪಿ ಮಾತ್ರೆಯನ್ನು 5 ಮಿಲಿಗ್ರಾಂನಿಂದ 10ಕ್ಕೆ ಏರಿಸಿದರು. ‘ಪ್ರಯಾಣ ಇದೆ, ಇರಲಿ’ ಅಂತ ಅಷ್ಟೇ. ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಅಲ್ಲಿ ಹೋಗಿ ಮೂರನೇ ವಾರಕ್ಕೆ ಎದೆ ನೋವು. ನಾಲ್ಕು ದಿನ ಆಸ್ಪತ್ರೆ. ಇನ್ಶೂರೆನ್ಸ್ ಕಂಪನಿ ಹಳೇ ಚೀಟಿಗಳನ್ನು ತರಿಸಿಕೊಂಡು ನೋಡಿತು. ಪಾಲಿಸಿಯಲ್ಲಿ ಮೊದಲೇ ಇರುವ ಕಾಯಿಲೆ 180 ದಿನ ‘ಸ್ಟೇಬಲ್’ ಆಗಿರಬೇಕು ಅಂತ ಒಂದು ಸಾಲು ಇತ್ತು. ಮಾತ್ರೆಯ ಡೋಸ್ ಬದಲಾದರೆ ಸ್ಟೇಬಲ್ ಅಲ್ಲ. ಕ್ಲೇಮು ಹೋಯಿತು. ಆ ಬಿಲ್ಲನ್ನು ಮಗ ಎರಡು ವರ್ಷ ಕಂತಿನಲ್ಲಿ ಕಟ್ಟಿದ. ಆದ್ದರಿಂದ ಪಾಲಿಸಿ ಕೊಳ್ಳುವಾಗ ಪ್ರೀಮಿಯಂ ಎಷ್ಟು ಅಂತ ಕೇಳುವ ಮುಂಚೆ ಸ್ಟೇಬಲ್ ಅವಧಿ ಎಷ್ಟು ದಿನ ಅಂತ ಕೇಳಿ. ನಿಮ್ಮ ಡಾಕ್ಟರಿಗೂ ಹೊರಡುವ ಆರು ತಿಂಗಳ ಮುಂಚೆಯೇ ಹೇಳಿ, ಮಾತ್ರೆ ಬದಲಾಯಿಸುವುದಿದ್ದರೆ ಆಗಲೇ ಬದಲಾಯಿಸಲಿ. ಆಮೇಲೆ ಅಗತ್ಯ ಬಿದ್ದರೆ ಡಾಕ್ಟರು ಹೇಳಿದ್ದನ್ನು ತೆಗೆದುಕೊಳ್ಳಲೇಬೇಕು, ಪ್ರಯಾಣವನ್ನು ಮುಂದಕ್ಕೆ ಹಾಕಿ.

ಪಿಆರ್ ಬೇಡ ಅಂತ ನಾನು ಹೇಳುತ್ತಿಲ್ಲ. ಸರ್ಕಾರಿ ಆರೋಗ್ಯ ಸೇವೆ ಸಿಗುವುದು ದೊಡ್ಡ ಅನುಕೂಲ, ವಯಸ್ಸಾದಂತೆ ಇನ್ನೂ ದೊಡ್ಡದು. ಆದರೆ ಪಿಆರ್ ಉಳಿಸಿಕೊಳ್ಳಲು ಪ್ರತಿ ಐದು ವರ್ಷದಲ್ಲಿ 730 ದಿನ ಅಲ್ಲಿ ಇರಬೇಕು. ತೋಟ, ಬಾಡಿಗೆ ಮನೆ, ವಯಸ್ಸಾದ ತಾಯಿ ಅಂತ ಊರಿಗೆ ಬಂದವರು ಎರಡು ಮೂರು ವರ್ಷ ಇಲ್ಲೇ ಉಳಿದುಬಿಡುತ್ತಾರೆ. ಕಾರ್ಡ್ ನವೀಕರಿಸುವ ಹೊತ್ತಿಗೆ ದಿನ ಸಾಲುವುದಿಲ್ಲ. ಅಲ್ಲಿ ನೆಲೆಸಿದ ಮೇಲೆ ನಿಮ್ಮ ಪಿಂಚಣಿ, ದಾವಣಗೆರೆ ಮನೆಯ ಬಾಡಿಗೆ ಎಲ್ಲವನ್ನೂ ಕೆನಡಾದ ತೆರಿಗೆ ರಿಟರ್ನ್‌ನಲ್ಲಿ ತೋರಿಸಬೇಕು. ಎರಡು ದೇಶದ ನಡುವೆ ತೆರಿಗೆ ಒಪ್ಪಂದ ಇದೆ, ಒಂದೇ ಆದಾಯಕ್ಕೆ ಎರಡು ಸಲ ಕಟ್ಟುವುದು ತಪ್ಪುತ್ತದೆ, ಆದರೆ ತೋರಿಸುವುದು ತಪ್ಪುವುದಿಲ್ಲ. ಸೂಪರ್ ವೀಸಾದಲ್ಲೂ ತುಂಬಾ ದಿನ ಅಲ್ಲೇ ಇದ್ದರೆ ಈ ಪ್ರಶ್ನೆ ಬರಬಹುದು, ಆಗ ಒಬ್ಬ ತೆರಿಗೆ ಲೆಕ್ಕಿಗರನ್ನು ಕೇಳಿ. ಪಿಂಚಣಿಯ ಲೈಫ್ ಸರ್ಟಿಫಿಕೇಟ್ ಮರೆಯಬೇಡಿ.

ಮನೆ ಮಾರುವ ಯೋಚನೆಯನ್ನು ದಯವಿಟ್ಟು ಬಿಡಿ. ವಿದೇಶಿಯರು ಮನೆ ಕೊಳ್ಳುವುದನ್ನು ಕೆನಡಾ 2023ರ ಜನವರಿ 1ರಿಂದ ನಿಷೇಧಿಸಿದೆ, ಅದನ್ನು 2027ರ ಜನವರಿ 1ರವರೆಗೆ ವಿಸ್ತರಿಸಿದ್ದಾರೆ. ವಿದ್ಯಾರ್ಥಿಗಳಿಗೆ ವಿನಾಯಿತಿ ಇದೆ, ಆದರೆ ಐದು ವರ್ಷ ಅಲ್ಲಿ ಇದ್ದು ತೆರಿಗೆ ರಿಟರ್ನ್ ಸಲ್ಲಿಸಿದವರಿಗೆ. ಎರಡನೇ ವರ್ಷ ಓದುವ ನಿಮ್ಮ ಮಗಳಿಗೆ ಅದು ಅನ್ವಯಿಸುವುದಿಲ್ಲ. ನಾಳೆ ಕೊಳ್ಳಲು ಸಾಧ್ಯವಾದರೂ ಮನೆ ಇದ್ದ ಮಾತ್ರಕ್ಕೆ ಯಾರಿಗೂ ಪಿಆರ್ ಕೊಡುವುದಿಲ್ಲ. ದುಡ್ಡು ಹಾಕಿ ಪಿಆರ್ ಪಡೆಯುವ ಹಳೇ ಹೂಡಿಕೆದಾರರ ಯೋಜನೆಯನ್ನು ಕೆನಡಾ ಸರ್ಕಾರ 2014ರಲ್ಲೇ ಮುಚ್ಚಿತು. ಅದಕ್ಕಿಂತ ಮುಖ್ಯವಾಗಿ, ನಿಮ್ಮ ವೀಸಾ ಅರ್ಜಿಗೆ ದಾವಣಗೆರೆಯ ಮನೆಯೇ ಬಲ. ಸೂಪರ್ ವೀಸಾ ಕೂಡ ತಾತ್ಕಾಲಿಕ ವೀಸಾ. ನೀವು ವಾಪಸ್ ಬರುತ್ತೀರಾ ಅನ್ನುವುದನ್ನು ಅಧಿಕಾರಿ ನೋಡುತ್ತಾರೆ. ಸ್ವಂತ ಮನೆ, ಪಿಂಚಣಿ, ಇಲ್ಲಿ ಓದುತ್ತಿರುವ ಮಗ, ಇವೆಲ್ಲ ನಿಮ್ಮ ಪರವಾಗಿ ಮಾತಾಡುತ್ತವೆ.

ಮಗನ ವಿಷಯ. ಅಪ್ಪ ಅಮ್ಮನ ಪಿಆರ್ ಅರ್ಜಿಯಲ್ಲಿ 22 ತುಂಬದ, ಮದುವೆಯಾಗದ ಮಕ್ಕಳನ್ನು ಸೇರಿಸಬಹುದು. ನಿಮ್ಮ ಮಗನಿಗೆ ಈಗಲೇ 20. ಅಕ್ಕನಿಗೆ ಪಿಆರ್ ಬರುವ ಹೊತ್ತಿಗೆ ಅವನ ವಯಸ್ಸು ದಾಟಿರುತ್ತದೆ. ಅವನ ದಾರಿ ಅವನದೇ ಅಂತ ಈಗಲೇ ತಿಳಿಸಿ.

ಆಸ್ಟ್ರೇಲಿಯಾದಲ್ಲಿ ದುಡ್ಡು ಕಟ್ಟುವ ಪೇರೆಂಟ್ ವೀಸಾ ಇರುವುದು ನಿಜ, 143 ಅಂತ ಅದರ ನಂಬರು. ಆದರೆ ಎರಡನೇ ಕಂತೇ ಒಬ್ಬರಿಗೆ 43,600 ಆಸ್ಟ್ರೇಲಿಯಾ ಡಾಲರ್, ಈಗ ಅರ್ಜಿ ಹಾಕಿದವರು ಹತ್ತು ವರ್ಷಕ್ಕಿಂತ ಜಾಸ್ತಿ ಕಾಯಬೇಕು. ಮಕ್ಕಳಲ್ಲಿ ಕನಿಷ್ಠ ಅರ್ಧ ಜನ ಅಲ್ಲಿ ನೆಲೆಸಿರಬೇಕು, ಇಲ್ಲವೇ ಬೇರೆ ಯಾವ ಒಂದು ದೇಶಕ್ಕಿಂತಲೂ ಅಲ್ಲೇ ಜಾಸ್ತಿ ಮಕ್ಕಳಿರಬೇಕು. ಅಲ್ಲೂ ಓದುವ ಮಗನಿಂದ ಆಗುವುದಿಲ್ಲ, ಅವನು ಪಿಆರ್ ಆಗಿ ನೆಲೆಸಿರಬೇಕು. ಅಮೆರಿಕದಲ್ಲಾದರೆ ಗ್ರೀನ್ ಕಾರ್ಡ್ ಇದ್ದರೂ ಸಾಲದು, ಮಗ ಅಥವಾ ಮಗಳು ಅಲ್ಲಿನ ಪ್ರಜೆಯಾಗಿರಬೇಕು, ವಯಸ್ಸು 21 ತುಂಬಿರಬೇಕು.

ಈಗ ನೀವು ಮಾಡಬಹುದಾದ ಕೆಲಸ ಮನೆಯಲ್ಲೇ ಇದೆ. ಬೀರುವಿನಿಂದ ಮಗಳ ಬರ್ತ್ ಸರ್ಟಿಫಿಕೇಟ್ ತೆಗೆಯಿರಿ. ಪಕ್ಕದಲ್ಲಿ ನಿಮ್ಮಿಬ್ಬರ ಪಾಸ್‌ಪೋರ್ಟ್, ಮಗಳ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಇಡಿ. ನಮ್ಮ ಕಡೆ ಹೆಸರಿನ ಗೊಂದಲ ಯಾವಾಗಲೂ ಇದ್ದದ್ದೇ. ಬರ್ತ್ ಸರ್ಟಿಫಿಕೇಟಿನಲ್ಲಿ ತಾಯಿಯ ಹೆಸರು ‘ಶಾರದಮ್ಮ’, ಆಧಾರ್‌ನಲ್ಲಿ ‘ಶಾರದಾ ಬಿ’, ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರೇ ಸರ್‌ನೇಮ್ ಆಗಿರುತ್ತದೆ. ಕೆಲವು ಹಳೇ ಸರ್ಟಿಫಿಕೇಟುಗಳಲ್ಲಿ ಮಗುವಿನ ಹೆಸರಿನ ಜಾಗವೇ ಖಾಲಿ. ಊರಿನವರಿಗೆ ಎಲ್ಲಾ ಒಬ್ಬರೇ ಅಂತ ಗೊತ್ತು. ಕಂಪ್ಯೂಟರ್ ಮುಂದೆ ಕೂತ ಅಧಿಕಾರಿಗೆ ಅವರು ಮೂರು ಬೇರೆ ಬೇರೆ ಹೆಂಗಸರು. ಹೆಸರು ತಿದ್ದಿಸುವ ಕೆಲಸಕ್ಕೆ ಪಾಲಿಕೆಗೆ ನಾಲ್ಕಾರು ಸಲ ಓಡಾಡಬೇಕಾಗುತ್ತದೆ, ಸಮಯ ಇರುವಾಗ ಮಾಡಿಬಿಡಿ. ನಿಮ್ಮ ಮದುವೆ ರಿಜಿಸ್ಟರ್ ಆಗಿಲ್ಲದಿದ್ದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅದನ್ನೂ ಮಾಡಿಸಿ. ಲಗ್ನಪತ್ರಿಕೆ, ಹಳೇ ಫೋಟೊ ಇದ್ದರೆ ಜೊತೆಗಿರಲಿ.

ಮಗಳ ಘಟಿಕೋತ್ಸವಕ್ಕೆ ಖಂಡಿತ ಹೋಗಿ ಬನ್ನಿ. ಅದಕ್ಕೆ ಅವಳು ಪಿಆರ್ ಆಗಬೇಕಿಲ್ಲ, ಸಾಮಾನ್ಯ ವಿಸಿಟರ್ ವೀಸಾ ಸಾಕು, ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ. ವಾಟರ್ಲೂನಲ್ಲಿ ಜೂನ್ ಮತ್ತು ಅಕ್ಟೋಬರ್‌ನಲ್ಲಿ ನಡೆಯುತ್ತದೆ. ಅರ್ಜಿಯಲ್ಲಿ ‘ಮಗಳ ಘಟಿಕೋತ್ಸವ ನೋಡಲು’ ಅಂತಲೇ ಬರೆಯಿರಿ. ಫಾರಂ ನೀವೇ ತುಂಬಿ, ಇಂಗ್ಲಿಷ್ ತೊಡಕಾದರೆ ಮಗ ಪಕ್ಕದಲ್ಲಿ ಕೂರಲಿ. ಹೇಳಿದ ದಿನಕ್ಕೆ ವಾಪಸ್ ಬನ್ನಿ. ಮೂರು ನಾಲ್ಕು ವರ್ಷದ ನಂತರ ಸೂಪರ್ ವೀಸಾಕ್ಕೆ ಅರ್ಜಿ ಹಾಕುವಾಗ, ಪಾಸ್‌ಪೋರ್ಟಿನಲ್ಲಿ ಹೋದ ಸೀಲು, ಬಂದ ಸೀಲು ಎರಡೂ ಇರುತ್ತವೆ.